ನೆಟ್ಟಗೆ ನಿಂತ ಮೇಳ

ಸಂಗೀತಕ್ಕೆ ಎರಡು ಮಾರ್ಗಗಳುಂಟು. ಒಂದು ಸ್ವರವು ಮುಗಿದ ಬಳಿಕ ಮತ್ತೊಂದು ಸ್ವರವು ಬಂದು, ದಾರದಲ್ಲಿ ಹೂವು ಪೋಣಿಸಿದಂತೆ ರಾಗವು ಬೆಳೆಯುವುದು ಒಂದು ಮಾರ್ಗ. ಹಲವು ಸ್ವರಗಳು ಒಂದೇ ಗಳಿಗೆಯಲ್ಲಿ ನುಡಿದು, ಗೋಪುರದ ನೆಲೆಗಳಂತೆ ಒಂದರ ಮೇಲೊಂದು ನಿಲ್ಲುವುದು ಮತ್ತೊಂದು ಮಾರ್ಗ. ಮೊದಲನೆಯದನ್ನು ನಮ್ಮ ದೇಶವು ಬಹುಕಾಲದಿಂದ ಸಾಧಿಸಿಕೊಂಡು ಬಂದಿತು. ಎರಡನೆಯದನ್ನು ಯೂರೋಪು ಖಂಡದವರು ಸಾಧಿಸಿದರು. ಈ ಎರಡನೆಯ ಮಾರ್ಗದಲ್ಲಿ ಕೂಡಿ ನುಡಿಯುವ ಸ್ವರಗಳ ಗುಂಪನ್ನು ವಾದಕರು ಕಾರ್ಡ್ ಎನ್ನುವರು. ಈ ಲೇಖನದಲ್ಲಿ ನಾವು ಅದನ್ನು ಸ್ವರಕೂಟವೆಂದು ಕರೆಯೋಣ.

ಪಿಯಾನೋವೆಲ್ಲಿ, ಚಾಮರಾಜನಗರ ಗುಂಡ್ಲುಪೇಟೆಗಳೆಲ್ಲಿ, ಎಂದು ವಾಚಕರು ಕೇಳಬಹುದು. ಪ್ರಶ್ನೆಯು ನ್ಯಾಯವಾದುದೇ. ಆದರೆ ಸ್ವಲ್ಪ ವಿಚಾರಮಾಡಿದಲ್ಲಿ ಈ ಎರಡು ಊರುಗಳಿಗೂ ಸಂಗೀತದ ಈ ವಿವಾದಕ್ಕೂ ನಡುವೆ ಒಂದು ನಂಟು ಕಾಣದಿರದು. ಗುಂಡ್ಲುಪೇಟೆಯ ಪರವಾಸುದೇವರ ದೇವಾಲಯವನ್ನು ತಮ್ಮ ತಂದೆಯವರ ನೆನಪಿಗಾಗಿ ಕಟ್ಟಿಸಿದವರು 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು. ಗೀತಗೋಪಾಲವೆಂಬ ಹಾಡುಗಬ್ಬವು ಅವರ ಹೆಸರಿನಲ್ಲಿಯೇ ಪ್ರಸಿದ್ಧವಾಗಿದೆ. ಚಾಮರಾಜನಗರವಾದರೋ ಮೊದಲು ಅರಿಕೊಠಾರವೆಂಬ ಗ್ರಾಮವಾಗಿದ್ದಿತು. ಅಲ್ಲಿ 1774ರಲ್ಲಿ ಜನಿಸಿದ ಖಾಸಾ ಚಾಮರಾಜ ಒಡೆಯರ ಸ್ಮರಣಾರ್ಥವಾಗಿ ಅವರ ಪುತ್ರರಾದ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಊರಿಗೆ ಈಗಿನ ಹೆಸರನ್ನಿಟ್ಟರು. 1826ರಲ್ಲಿ ಚಾಮರಾಜೇಶ್ವರನ ಗುಡಿಯನ್ನು ಕಟ್ಟಿಸಿದರು. ಜನನಮಂಟಪವೂ ಅವರು ನಿಲ್ಲಿಸಿದುದೇ. ಈ ವಂಶದಲ್ಲಿಯೇ ಇಪ್ಪತ್ತನೆಯ ಶತಮಾನದಲ್ಲಿ ಹುಟ್ಟಿ, ಚಾಮರಾಜನೆಂಬ ಹೆಸರನ್ನು ಹೊತ್ತ ಅರಸರೊಬ್ಬರು ಪಿಯಾನೋವಾದನದಲ್ಲಿ ಪಾರಂಗತರಾಗಿ, ಲಂಡನ್ ಪಟ್ಟಣದ ಸಂಗೀತ ಚರಿತ್ರೆಯಲ್ಲಿಯೇ ತಮ್ಮ ಹೆಸರು ಉಳಿಯುವಂತೆ ಮಾಡಿದರು. ಅವರ ಕಥೆಯನ್ನು ಹೇಳುವುದಕ್ಕೆ ಮುಂಚೆ ಸ್ವರಕೂಟವೆಂದರೇನು, ಅದು ಹೇಗೆ ಬೆಳೆಯುವುದು, ಎಂಬುದನ್ನು ತಿಳಿಯುವುದು ಆವಶ್ಯಕ.

ನಮ್ಮ ಶಂಕರಾಭರಣವನ್ನೇ ತೆಗೆದುಕೊಳ್ಳೋಣ. ಸ ರಿ ಗ ಮ ಪ ದ ನಿ ಎಂಬ ಏಳು ಸ್ವರಗಳಲ್ಲಿ ಒಂದನ್ನು ಬಿಟ್ಟು ಒಂದನ್ನು ಆರಿಸಿಕೊಂಡರೆ ಮೊದಲು ದೊರೆಯುವುವು ಷಡ್ಜ, ಗಾಂಧಾರ, ಪಂಚಮ. ಈ ಮೂರೂ ಒಟ್ಟಿಗೆ ನುಡಿದರೆ ಅದೇ ಮೂಲ ಸ್ವರಕೂಟ. ಯೂರೋಪಿನ ಸಂಗೀತ ಮಂದಿರಕ್ಕೆ ಇದೇ ಅಡಿಗಲ್ಲು. 1722ರಲ್ಲಿ ರಾಮೋ ಎಂಬ ಫ್ರೆಂಚ್ ವಿದ್ವಾಂಸನು ತನ್ನ ಗ್ರಂಥದಲ್ಲಿ ಈ ಕೂಟಕ್ಕೆ ಒಂದು ಮೂಲಸ್ವರವುಂಟೆಂದೂ, ಸ್ವರಗಳ ಕ್ರಮವನ್ನು ಮೇಲುಕೆಳಗು ಮಾಡಿದರೂ ಆ ಮೂಲವು ಕೆಡದೆಂದೂ ಶಾಸ್ತ್ರಬದ್ಧವಾಗಿ ನಿರೂಪಿಸಿದನು. ಇದೇ ರೀತಿ ಒಂದು ಬಿಟ್ಟು ಒಂದರಂತೆ ಮುಂದಕ್ಕೆ ಏರಿದರೆ ನಿಷಾದವು ಸೇರಿ ಸಪ್ತಮಕೂಟವಾಗುವುದು. ಅದರ ಮೇಲೆ ತಾರಸ್ಥಾಯಿಯ ರಿಷಭವನ್ನಿಟ್ಟರೆ, ಷಡ್ಜದಿಂದ ಎಣಿಸಿ ಅದು ಒಂಬತ್ತನೆಯದಾದುದರಿಂದ, ನವಮಕೂಟ. ಆ ಮೇಲೆ ತಾರ ಮಧ್ಯಮವು ಸೇರಿದರೆ ಏಕಾದಶಕೂಟ. ತಾರ ಧೈವತವು ಸೇರಿದರೆ ತ್ರಯೋದಶಕೂಟ. ಅದರಾಚೆಗೆ ಮತ್ತೊಂದು ಮೆಟ್ಟಿಲನ್ನು ಏರಿದರೆ ಪುನಃ ಷಡ್ಜವೇ ಬರುವುದರಿಂದ ಕಟ್ಟಡವು ಅಲ್ಲಿಗೆ ಪೂರ್ಣವಾಯಿತು. ಏಳು ನೆಲೆಯ ಗೋಪುರವು ಮುಗಿಯಿತು.

ವಾಚಕರು ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ತ್ರಯೋದಶಕೂಟದಲ್ಲಿ ಇರುವುವು ಯಾವುವು? ಸಪ್ತಸ್ವರಗಳೇ, ಒಂದೂ ಹೆಚ್ಚಿಲ್ಲ, ಒಂದೂ ಕಡಮೆಯಿಲ್ಲ. ಹದಿನೇಳನೆಯ ಶತಮಾನದಲ್ಲಿ ವೆಂಕಟಮಖಿಯು ಚತುರ್ದಂಡೀಪ್ರಕಾಶಿಕೆಯಲ್ಲಿ ಲೆಕ್ಕಹಾಕಿ ತೋರಿಸಿದ 72 ಮೇಳಗಳಲ್ಲಿ ಪ್ರತಿಯೊಂದೂ ಸಂಪೂರ್ಣವಾದ ಸಪ್ತಸ್ವರ ಸಮೂಹ. ಆದುದರಿಂದ ಮೇಳವೆಂದರೆ ಮಲಗಿಸಿದ ತ್ರಯೋದಶಕೂಟ. ತ್ರಯೋದಶಕೂಟವೆಂದರೆ ನೆಟ್ಟಗೆ ನಿಲ್ಲಿಸಿದ ಮೇಳ. ಎರಡು ಖಂಡಗಳ ಸಂಗೀತಗಾರರು ಒಬ್ಬರನ್ನೊಬ್ಬರು ಅರಿಯದೆ ಒಂದೇ ಸಾಮಗ್ರಿಯಿಂದ, ಒಬ್ಬರು ಮಾರ್ಗವನ್ನೂ ಮತ್ತೊಬ್ಬರು ಮಾಳಿಗೆಯನ್ನೂ ಕಟ್ಟಿದರು.

ಆದರೆ ಎಲ್ಲ ಮೇಳಗಳೂ ಒಂದೇ ಸುಖದಿಂದ ಎದ್ದು ನಿಲ್ಲಲಾರವು. ಶಂಕರಾಭರಣವನ್ನು ನಿಲ್ಲಿಸಿದಾಗ ಅಂತರ ಗಾಂಧಾರಕ್ಕೂ ಶುದ್ಧ ಮಧ್ಯಮಕ್ಕೂ ಜಗಳ ಹತ್ತುವುದು. ಪಿಯಾನೋವಿನಲ್ಲಿ ಅವೆರಡೂ ಅಕ್ಕಪಕ್ಕದ ಮನೆಗಳು. ಒಂದನ್ನು ಮೇಲಿನ ಸ್ಥಾಯಿಗೆ ಕಳುಹಿಸಿದರೂ ಒರಟುತನವು ತೀರುವುದಿಲ್ಲ. ಇದಕ್ಕೆ ಪಾಶ್ಚಾತ್ಯ ವಾದಕರು ಎರಡು ಪರಿಹಾರಗಳನ್ನು ಕಂಡುಕೊಂಡರು. ಒಂದು, ಗಾಂಧಾರವನ್ನು ಬಿಟ್ಟುಬಿಡುವುದು. ಎರಡು, ಮಧ್ಯಮವನ್ನು ಅರ್ಧಸ್ವರ ಏರಿಸುವುದು. ಏರಿಸಿದರೆ ಆಗುವುದೇನು? 29ನೆಯ ಮೇಳವು 65ನೆಯದಾಗಿ, ಶಂಕರಾಭರಣವು ಕಲ್ಯಾಣಿಯಾಗಿ ಬಿಡುವುದು! ಖರಹರಪ್ರಿಯದಲ್ಲಿ ಈ ತೊಂದರೆಯಿಲ್ಲ. ಅಲ್ಲಿ ಸಾಧಾರಣ ಗಾಂಧಾರಕ್ಕೂ ಶುದ್ಧ ಮಧ್ಯಮಕ್ಕೂ ಪೂರ್ಣಸ್ವರದ ಅಂತರವಿರುವುದರಿಂದ ಏಕಾದಶಕೂಟವು ಗಂಭೀರವಾಗಿ ನಿಲ್ಲುತ್ತದೆ. ಹರಿಕಾಂಭೋಜಿಯ ಮಧ್ಯಮವನ್ನು ಏರಿಸಿ ವಾಚಸ್ಪತಿಯನ್ನು ಮಾಡಿಕೊಂಡರೆ ಇನ್ನೊಂದು ವಿಚಿತ್ರ ಕಾಂತಿ ಹೊಮ್ಮುವುದು. ರಷ್ಯಾದೇಶದ ಸ್ಕ್ರಿಯಾಬಿನನು 1910ರಲ್ಲಿ ಪೂರೈಸಿದ ಪ್ರೊಮಿಥಿಯಸ್ ಎಂಬ ಕೃತಿಯ ಸುಪ್ರಸಿದ್ಧ ಕೂಟವನ್ನು ಬಿಡಿಸಿ ಸ್ವರಗಳನ್ನು ಸಾಲಾಗಿಟ್ಟರೆ ಸ ರಿ ಗ ಮ ದ ನಿ ಎಂದಾಗಿ, ಪಂಚಮವನ್ನು ವರ್ಜಿಸಿದ ವಾಚಸ್ಪತಿಯೇ ದೊರೆಯುತ್ತದೆ. ಆತನು ಈ ಮೇಳವನ್ನು ನೋಡಿ ಮಾಡಿದನೆಂದು ಇದರ ಅರ್ಥವಲ್ಲ. ನಾದದ ನಿಯಮಗಳು ಒಂದೇ ಆದುದರಿಂದ ಶೋಧಕರ ಹೆಜ್ಜೆಗಳು ಕೂಡಿದುವೆಂದಷ್ಟೇ ಅರ್ಥ.

ಇನ್ನು ಇಂತಹ ಕೂಟವನ್ನು ಪಿಯಾನೋವಿನಲ್ಲಿ ನುಡಿಸುವ ಬಗೆ. ಇಟಲಿಯ ಫ್ಲಾರೆನ್ಸಿನಲ್ಲಿ ಕ್ರಿಸ್ಟೊಫೊರಿಯೆಂಬ ಕುಶಲಿಯು 1700ರ ಸುಮಾರಿನಲ್ಲಿ ನಿರ್ಮಿಸಿದ ಈ ವಾದ್ಯವು ಕ್ರಮೇಣ ಬೆಳೆದು 88 ಮನೆಗಳುಳ್ಳದ್ದಾಯಿತು. ವಾದಕನು ಏಳು ಸ್ವರಗಳನ್ನೂ ಒಂದೆಡೆ ಒತ್ತರಿಸುವುದಿಲ್ಲ. ಎಡಗೈಯಲ್ಲಿ ಷಡ್ಜವನ್ನೂ ನಿಷಾದವನ್ನೂ ದೂರದೂರವಾಗಿ ಇಡುವನು. ಬಲಗೈಯಲ್ಲಿ ಗಾಂಧಾರ, ರಿಷಭ, ಧೈವತಗಳನ್ನು ಹತ್ತಿರವಾಗಿ ಇಡುವನು. ಪಂಚಮವನ್ನು ಬಹುಮಟ್ಟಿಗೆ ಬಿಡುವನು. ಏಕೆಂದರೆ ಷಡ್ಜದ ತಂತಿಯ ನಾದದಲ್ಲಿಯೇ ಪಂಚಮದ ಅಂಶವು ತಾನಾಗಿ ಅಡಗಿದೆ. ಕೆಳಗೆ ಅಗಲ, ಮೇಲೆ ಇಕ್ಕಟ್ಟು, ಎಂಬುದೇ ಸೂತ್ರ. ಮಂದ್ರದಲ್ಲಿ ಸ್ವರಗಳನ್ನು ಹತ್ತಿರಕ್ಕೆ ಕೂಡಿಸಿದರೆ ಅವುಗಳ ಉಪನಾದಗಳು ಒಂದಕ್ಕೊಂದು ಬಡಿದು ಗದ್ದಲವಾಗುವುದು.

ಈ ಸೂತ್ರವು ಕೇವಲ ಅಭ್ಯಾಸದಿಂದ ಬಂದುದಲ್ಲ, ಪ್ರಕೃತಿಸಿದ್ಧವಾದುದು. ಮೀಟಿದ ತಂತಿಯು ತನ್ನ ಮೂಲನಾದದೊಡನೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಗಳುಳ್ಳ ಉಪನಾದಗಳನ್ನೂ ಹೊರಡಿಸುತ್ತದೆ. ಎರಡನೆಯದೂ ನಾಲ್ಕನೆಯದೂ ಷಡ್ಜ, ಮೂರನೆಯದು ಪಂಚಮ, ಐದನೆಯದು ಅಂತರ ಗಾಂಧಾರ, ಒಂಬತ್ತನೆಯದು ಚತುಶ್ರುತಿ ರಿಷಭ. ಹದವಾಗಿ ಜೀವಾಳವನ್ನು ಹಾಕಿದ ತಂಬೂರಿಯ ಮುಂದೆ ಕಿವಿಗೊಟ್ಟು ಕುಳಿತವರಿಗೆ ಯಾರೂ ಮೀಟದ ಗಾಂಧಾರವು ಕೇಳಿಸುವುದು ಈ ಕಾರಣದಿಂದಲೇ. ಹೀಗೆ ನೋಡಿದರೆ ಸ್ವರಕೂಟದ ಬೀಜವು ನಮ್ಮ ತಂಬೂರಿಯ ಬುರುಡೆಯಲ್ಲಿಯೇ ಉಂಟು. ನಾವು ಅದನ್ನು ಬೀಜವಾಗಿಯೇ ಕಾಪಾಡಿದೆವು. ಅವರು ಬಿತ್ತಿ ಮರವನ್ನು ಬೆಳೆಯಿಸಿದರು.

ಬೆಳೆಯಿಸುವಾಗ ಅವರು ಒಂದು ಬೆಲೆಯನ್ನು ತೆತ್ತರು. ಒಂದು ಸ್ಥಾಯಿಯನ್ನು 1200 ಭಾಗಗಳನ್ನಾಗಿ ಮಾಡಿದರೆ ಪ್ರಕೃತಿಸಿದ್ಧವಾದ ಅಂತರ ಗಾಂಧಾರವು 386ನೆಯ ಭಾಗದಲ್ಲಿ ನಿಲ್ಲುವುದು. ಹನ್ನೆರಡು ಮನೆಗಳನ್ನು ಸಮನಾಗಿ ಹಂಚಿದ ಪಿಯಾನೋವಿನಲ್ಲಿ ಅದು 400ನೆಯದರಲ್ಲಿ ನಿಲ್ಲುವುದು. ಏಳನೆಯ ಉಪನಾದವು 969, ಪಿಯಾನೋವಿನ ಕೈಶಿಕಿ ನಿಷಾದವು 1000. ಹನ್ನೊಂದನೆಯ ಉಪನಾದವು 551ರಲ್ಲಿದ್ದು ಶುದ್ಧ ಮಧ್ಯಮಕ್ಕೂ ಪ್ರತಿ ಮಧ್ಯಮಕ್ಕೂ ನಟ್ಟನಡುವೆ ನಿಲ್ಲುವುದು. ಪಿಯಾನೋವಿನಲ್ಲಿ ಅದಕ್ಕೆ ಮನೆಯೇ ಇಲ್ಲ. ಎಲ್ಲ ಸ್ವರಗಳನ್ನೂ ಆಧಾರವನ್ನಾಗಿ ಮಾಡಿಕೊಂಡು ಕೂಟಗಳನ್ನು ಕಟ್ಟಬೇಕೆಂಬ ಆಸೆಗಾಗಿ ಪ್ರತಿಯೊಂದು ಸ್ವರದ ಶುದ್ಧಿಯಲ್ಲಿಯೂ ಕೊಂಚ ಕೊಂಚ ಕಡಿದುಕೊಳ್ಳಬೇಕಾಯಿತು. ಈ ಬೆಲೆಯು ಹೆಚ್ಚೋ ಕಡಮೆಯೋ ಎಂಬುದೇ ನಮ್ಮ ಮುಂದಿರುವ ಪ್ರಶ್ನೆಯ ತಿರುಳು.

ದಕ್ಷಿಣದೇಶಕ್ಕೆ ಪಾಶ್ಚಾತ್ಯ ಸಂಗೀತವು ಸೈನ್ಯದ ಬ್ಯಾಂಡಿನೊಡನೆ ಬಂದಿತು. ಮುತ್ತುಸ್ವಾಮಿ ದೀಕ್ಷಿತರು (1775–1835) ಆ ಬ್ಯಾಂಡಿನ ಮಟ್ಟುಗಳನ್ನು ಕೇಳಿ ಅವುಗಳಿಗೆ ಸಂಸ್ಕೃತ ಸಾಹಿತ್ಯವನ್ನು ರಚಿಸಿದರು, ಅವೇ ನೊಟ್ಟುಸ್ವರಗಳು. ಅವರು ಮಟ್ಟನ್ನು ಸ್ವೀಕರಿಸಿದರು, ಶಂಕರಾಭರಣದ ಚೌಕಟ್ಟಿನಲ್ಲಿಟ್ಟರು. ಕೂಟವನ್ನು ಮಾತ್ರ ತರಲಿಲ್ಲ. ಮೈಸೂರಿನಲ್ಲಿ ಪರಿಚಯವು ಇನ್ನೂ ಮುಂದುವರಿಯಿತು. ವೈಣಿಕ ಶಿಖಾಮಣಿ ಶೇಷಣ್ಣನವರು (1852–1926) ವೀಣೆಯಲ್ಲಿ ಅಸಮಾನರಾಗಿದ್ದುದಲ್ಲದೆ ಪಿಯಾನೋವನ್ನೂ ಬಲ್ಲವರಾಗಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಮನೆಯಲ್ಲಿ ಕರ್ಣಾಟಕ ಬ್ಯಾಂಡ್ ಮತ್ತು ಇಂಗ್ಲಿಷ್ ಬ್ಯಾಂಡ್ ಎಂಬ ಎರಡು ವಾದ್ಯವೃಂದಗಳಿದ್ದುವು. ಒಂದೇ ಸಿಂಹಾಸನದ ಮುಂದೆ ಎರಡು ಮಾರ್ಗಗಳೂ ಮರ್ಯಾದೆಯನ್ನು ಪಡೆದುವು; ಒಂದನ್ನು ಮತ್ತೊಂದು ನುಂಗಲಿಲ್ಲ.

ಈ ವಾತಾವರಣದಲ್ಲಿ 1919ನೆಯ ಜುಲೈ 18ರಂದು ಜನಿಸಿದವರು ಜಯಚಾಮರಾಜ ಒಡೆಯರು. ಪಿಯಾನೋವಿನಲ್ಲಿ ಅವರಿಗಿದ್ದ ಆಸಕ್ತಿಯು ಅರಸುಮಕ್ಕಳ ವಿನೋದವಾಗಿರಲಿಲ್ಲ. ಲಂಡನ್ನಿನ ಗಿಲ್ಡ್ ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿಯನ್ನು ಅವರು ಪಡೆದಿದ್ದರು. 1945ರಲ್ಲಿ ಟ್ರಿನಿಟಿ ಸಂಗೀತ ಕಾಲೇಜು ಅವರನ್ನು ಗೌರವ ಸದಸ್ಯರನ್ನಾಗಿ ಮಾಡಿಕೊಂಡಿತು. 1940ರಲ್ಲಿ ತಂದೆಯವರೂ ದೊಡ್ಡಪ್ಪನವರಾದ ನಾಲ್ವಡಿಯವರೂ ಒಂದೇ ವರ್ಷದಲ್ಲಿ ಕಾಲವಾದುದರಿಂದ ಇಪ್ಪತ್ತೊಂದನೆಯ ವಯಸ್ಸಿನಲ್ಲಿಯೇ ರಾಜ್ಯಭಾರವು ಹೆಗಲಿಗೇರಿತು. ಪಿಯಾನೋವಾದಕರಾಗಿ ವೇದಿಕೆಯನ್ನೇರುವ ಮಾರ್ಗವು ಅಲ್ಲಿಗೆ ಮುಚ್ಚಿಹೋಯಿತು. ಆದರೆ ತಾವು ನಡೆಯಲಾಗದ ಹಾದಿಯಲ್ಲಿ ನಡೆಯುವವರಿಗೆ ಅವರು ದೀಪವನ್ನು ಹಿಡಿದರು.

ಆ ಕಾಲದಲ್ಲಿ ನಿಕೊಲಾಯ್ ಮೆಟ್ನರ್ ಎಂಬ ರಷ್ಯಾದೇಶದ ವಾಗ್ಗೇಯಕಾರನು ಲಂಡನ್ನಿನಲ್ಲಿ ಬಡತನದಲ್ಲಿಯೂ ಅನಾರೋಗ್ಯದಲ್ಲಿಯೂ ಕಾಲವನ್ನು ಕಳೆಯುತ್ತಿದ್ದನು. ಮಹಾಯುದ್ಧವು ಮುಗಿದ ಬಳಿಕ ಮಹಾರಾಜರು ಆತನ ಕೃತಿಗಳನ್ನು ಆತನ ಕೈಯಿಂದಲೇ ನುಡಿಸಿ ಗ್ರಾಮಫೋನ್ ತಟ್ಟೆಗಳಲ್ಲಿ ಉಳಿಸುವುದಕ್ಕಾಗಿ ಮೆಟ್ನರ್ ಸೊಸೈಟಿಯನ್ನು ಸ್ಥಾಪಿಸಿ ಧನಸಹಾಯವನ್ನು ಮಾಡಿದರು. ಮೂರು ಪಿಯಾನೋ ಕಂಚೆರ್ಟೋಗಳೂ ಹಲವು ಬಿಡಿ ಕೃತಿಗಳೂ ಹಾಡುಗಳೂ ಹೀಗೆ ಉಳಿದುವು. ಕೃತಜ್ಞನಾದ ಮೆಟ್ನರನು ತನ್ನ ಮೂರನೆಯ ಕಂಚೆರ್ಟೋವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದನು; 1951ರಲ್ಲಿ ತೀರಿಕೊಂಡನು. ವಾಲ್ಟರ್ ಲೆಗ್ಗೆ ಎಂಬುವನು 1945ರಲ್ಲಿ ಸ್ಥಾಪಿಸಿದ ಫಿಲ್‌ಹಾರ್ಮೋನಿಯ ವಾದ್ಯವೃಂದಕ್ಕೂ ಮಹಾರಾಜರು ವರ್ಷಕ್ಕೆ 10,000 ಪೌಂಡುಗಳಂತೆ ಮೂರು ವರ್ಷಗಳ ನೆರವನ್ನು ಕೊಡಲು ಒಪ್ಪಿದರು. ಜರ್ಮನಿಯ ರಿಚರ್ಡ್ ಸ್ಟ್ರೌಸನ ಕೊನೆಯ ನಾಲ್ಕು ಗೀತೆಗಳು 1950ನೆಯ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಪ್ರಥಮಬಾರಿಗೆ ಕೇಳಿಬಂದಾಗ ಆ ಕಚೇರಿಯ ಹಿಂದೆಯೂ ಇದೇ ಮೈಸೂರಿನ ಔದಾರ್ಯವಿದ್ದಿತು.

ಇಲ್ಲಿ ಚರಿತ್ರಕಾರನು ಗಮನಿಸಬೇಕಾದ ವಿಶೇಷವೊಂದುಂಟು. ಮೆಟ್ನರನು ಹೊಸಕಾಲದ ಸ್ವರಕೂಟಗಳಿಗೆ ಒಲಿದವನಲ್ಲ. ವಾಗ್ನರನ ಟ್ರಿಸ್ಟಾನ್ (1865) ನಾಟಕದಿಂದ ಮೊದಲಾಗಿ ಕೂಟಗಳು ತಮ್ಮ ವಿಶ್ರಾಂತಿಸ್ಥಾನವನ್ನು ಮುಂದುಮುಂದಕ್ಕೆ ತಳ್ಳುತ್ತ ಬಂದುವು. 1889ರ ಪ್ಯಾರಿಸ್ ಪ್ರದರ್ಶನದಲ್ಲಿ ಜಾವಾದ್ವೀಪದ ಗಾಮೆಲಾನ್ ವೃಂದವನ್ನು ಕೇಳಿ ಬೆರಗಾದ ದೆಬ್ಯುಸ್ಸಿಯು ನವಮಕೂಟವನ್ನು ಎಲ್ಲಿಗೂ ಹೋಗಬೇಕಾದ ಅಗತ್ಯವಿಲ್ಲದ ಒಂದು ಬಣ್ಣದಂತೆ ಬಳಸಿದನು. ಅಮೆರಿಕದ ನೀಗ್ರೋ ಜನಾಂಗದವರು ನಿರ್ಮಿಸಿದ ಜಾಸ್ ಸಂಗೀತದಲ್ಲಿ ತ್ರಯೋದಶವೂ ದಿನಬಳಕೆಯ ಮಾತಾಯಿತು. ಮೆಟ್ನರನಾದರೋ 1935ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ಘರ್ಷಣಸ್ವರವು ಸಂವಾದಕ್ಕೆ ಋಣಿಯಾಗಿರಬೇಕು, ಮೂಲಕ್ಕೆ ಹಿಂದಿರುಗದ ಕೂಟವು ಫ್ಯಾಷನ್ ಮಾತ್ರ, ಎಂಬ ಅಭಿಪ್ರಾಯವನ್ನು ಪ್ರತಿಪಾದಿಸಿದನು. ವಾದಿ ಸಂವಾದಿ ವಿವಾದಿಗಳೆಂಬ ವಿಭಾಗವನ್ನು ನಾಟ್ಯಶಾಸ್ತ್ರದ ಕಾಲದಿಂದ ಕೇಳಿಬಂದಿರುವ ನಮಗೆ ಈ ವಾದವು ಹೊಸದಾಗಿ ತೋರುವುದಿಲ್ಲ. ಷಡ್ಜವನ್ನು ಬಿಟ್ಟು ಎಷ್ಟು ದೂರ ಹೋದರೂ ಷಡ್ಜಕ್ಕೆ ಬರಲೇಬೇಕೆಂಬ ನಂಬಿಕೆಯಿಂದ ಬೆಳೆದ ಮನೆತನದ ಅರಸರು ಇಂತಹವನನ್ನೇ ಆರಿಸಿ ಕೈಹಿಡಿದುದು ಎಷ್ಟು ಸಹಜ!

ಇದಕ್ಕಿಂತಲೂ ಹೆಚ್ಚಿನ ವಿಶೇಷವೆಂದರೆ ಮಹಾರಾಜರ ಸ್ವಂತ ರಚನೆಗಳು. ಪಿಯಾನೋವಿನ ಕೂಟಗಳೆಲ್ಲ ಬೆರಳ ತುದಿಯಲ್ಲಿದ್ದವರು ತಾವೇ ವಾಗ್ಗೇಯಕಾರರಾದಾಗ ಮಾಡಿದುದೇನು? ಮೈಸೂರು ವಾಸುದೇವಾಚಾರ್ಯರ ಮಾರ್ಗದರ್ಶನದಲ್ಲಿ ಶ್ರೀವಿದ್ಯಾ ಎಂಬ ಅಂಕಿತದಿಂದ 94 ಸಂಸ್ಕೃತ ಕೃತಿಗಳನ್ನು, ಅಪೂರ್ವ ರಾಗಗಳನ್ನೂ ಸೇರಿಸಿಕೊಂಡು, ಶುದ್ಧ ಕರ್ಣಾಟಕ ಕ್ರಮದಲ್ಲಿ ರಚಿಸಿದರು. ಅಲ್ಲಿ ಒಂದೇ ಸ್ವರಧಾರೆ. ಕೂಟವನ್ನು ಅರಿಯದೆ ಬಿಟ್ಟುದಲ್ಲ, ಅರಿತು ಬಿಟ್ಟುದು. ಈ ಮೌನವು ಒಂದು ದೊಡ್ಡ ಲಕ್ಷಣಗ್ರಂಥದಷ್ಟು ಬೆಲೆಯುಳ್ಳದ್ದು.

ಏಕೆ ಬಿಡಬೇಕು? ಮೇಳವು ನಿಲ್ಲಬಲ್ಲುದು, ರಾಗವು ನಿಲ್ಲಲಾರದು ಎಂಬುದೇ ಇದಕ್ಕೆ ಉತ್ತರ. ಹರಿಕಾಂಭೋಜಿಯ ತ್ರಯೋದಶಕೂಟವನ್ನು ನುಡಿಸಿದರೆ ಅದು ಕಾಂಭೋಜಿಯೋ, ಖಮಾಚೋ, ಕೇದಾರಗೌಳವೋ ಹೇಳಬಲ್ಲವರು ಯಾರು? ಈ ರಾಗಗಳ ಭೇದವಿರುವುದು ಆರೋಹಣಾವರೋಹಣಗಳ ನಡೆಯಲ್ಲಿ, ನ್ಯಾಸದಲ್ಲಿ, ಗಮಕದಲ್ಲಿ. ಎಲ್ಲವನ್ನೂ ಒಂದೇ ಕ್ಷಣದಲ್ಲಿ ನುಡಿಸಿದಾಗ ನಡೆಯೆಂಬುದೇ ಅಳಿಯುತ್ತದೆ. ತೋಡಿಯ ಗಾಂಧಾರವು ಒಂದು ಮನೆಯಲ್ಲಿ ನಿಲ್ಲುವ ಸ್ವರವಲ್ಲ. ತೂಗಾಡುವುದೇ ಅದರ ಜೀವ. ಅದನ್ನು ಪಿಯಾನೋವಿನ ಒಂದು ಬಿಳಿಯ ಅಥವಾ ಕರಿಯ ಮನೆಗೆ ಕಟ್ಟಿಹಾಕಿ ಅದರ ಮೇಲೆ ಮೂರು ನೆಲೆಗಳನ್ನು ಹೊರಿಸಿದರೆ ಉಳಿಯುವುದು ತೋಡಿಯ ಹೆಸರು ಮಾತ್ರ. ಈ ಅಂಜಿಕೆಯೇ ಹಾರ್ಮೋನಿಯಂ ವಿಷಯದಲ್ಲಿಯೂ ಹುಟ್ಟಿ, 1940ರಲ್ಲಿ ಆಕಾಶವಾಣಿಯು ಆ ವಾದ್ಯವನ್ನು ನಿಷೇಧಿಸಿತು. ದಶಕಗಳ ತರುವಾಯ ಆ ನಿಷೇಧವು ಸಡಿಲವಾಯಿತು.

ಹಾಗೆಂದು ಕೂಟಕ್ಕೆ ನಮ್ಮ ನಾಡಿನಲ್ಲಿ ಎಡೆಯೇ ಇಲ್ಲವೆನ್ನುವುದು ಅತಿರೇಕವಾದೀತು. ನಮ್ಮ ಜಿಲ್ಲೆಯ ನೀಲಗಾರರು ಮಂಟೇಸ್ವಾಮಿ ಕಾವ್ಯವನ್ನು ಚಿಕ್ಕಲ್ಲೂರಿನ ಜಾತ್ರೆಯಲ್ಲಿ ಹಾಡುವುದನ್ನು ಕೇಳಿದವರಿಗೆ, ಮುಮ್ಮೇಳದವನು ಕಥೆಯನ್ನು ನಡೆಯಿಸುತ್ತಿರುವಾಗ ತಂಬೂರಿಯ ಶ್ರುತಿಯೊಡನೆ ಹಿಮ್ಮೇಳದವರು ಸೊಲ್ಲನ್ನು ಎಳೆದು ಹಿಡಿಯುವುದು ತಿಳಿದೇ ಇರುವುದು. ನಿಂತ ನಾದದ ಮೇಲೆ ನಡೆಯುವ ಸ್ವರವು ಕ್ಷಣಕ್ಷಣಕ್ಕೂ ಹೊಸ ಕೂಟವನ್ನು ಹುಟ್ಟಿಸಿ ಅಳಿಸುತ್ತ ಹೋಗುವುದು. ಶಾಸ್ತ್ರವನ್ನೋದದ ಈ ಹಾಡುಗಾರರು ಕೂಟದ ರಹಸ್ಯವನ್ನು ಕಿವಿಯಿಂದ ಬಲ್ಲರು. ಚಲನಚಿತ್ರ ಸಂಗೀತದಲ್ಲಿಯೂ ಇದೇ ಪ್ರಯೋಗವು ಬೇರೆ ಬಗೆಯಿಂದ ನಡೆಯಿತು. ಗೋವೆಯ ವಾದಕರು ಮುಂಬಯಿಗೆ ತಂದ ಕೂಟವಿದ್ಯೆಯು ದಕ್ಷಿಣಕ್ಕೂ ಹಬ್ಬಿತು. ಮೈಸೂರಿನ ರಾಜನ್–ನಾಗೇಂದ್ರ ಸೋದರರೂ ಜಿ. ಕೆ. ವೆಂಕಟೇಶರೂ ಅದನ್ನು ಕನ್ನಡದ ಕಿವಿಗೆ ಒಗ್ಗಿಸಿದರು. ಕೊಳ್ಳೇಗಾಲ ಸೀಮೆಯ ಸಿಂಗಾನಲ್ಲೂರಿನ ಪುಟ್ಟಸ್ವಾಮಯ್ಯನವರ ಮಗ ರಾಜಕುಮಾರರು ಗುಬ್ಬಿ ಕಂಪನಿಯ ರಂಗದಲ್ಲಿ ಪಳಗಿದ ಕಂಠದಿಂದ ಆ ಕೂಟಗಳ ಮೇಲೆ ಹಾಡಿದಾಗ ಎರಡು ಮಾರ್ಗಗಳೂ ಜಗಳವಾಡದೆ ನಡೆದುವು. ಅಲ್ಲಿ ಕೂಟವು ಚಪ್ಪರದಂತೆ ನಿಂತಿತು, ಬಳ್ಳಿಯನ್ನು ಅದುಮಲಿಲ್ಲ.

ಈ ವಿಚಾರವು ಇಂದು ಪಂಡಿತರ ಚರ್ಚೆಗೆ ಮಾತ್ರ ಸೇರಿದುದಲ್ಲ, ಪ್ರತಿಯೊಂದು ಗೃಹಕ್ಕೂ ಸೇರಿದುದು. ವಿದ್ಯುತ್ತಿನ ಕೀಬೋರ್ಡುಗಳು ನಮ್ಮ ಪಟ್ಟಣಗಳ ಮನೆಗಳಿಗೆ ಬಂದಿವೆ. ಒಂದು ಬೆರಳನ್ನು ಇಟ್ಟರೆ ಸಾಕು, ಯಂತ್ರವೇ ಕೂಟವನ್ನು ಕಟ್ಟಿಕೊಡುತ್ತದೆ. ಮಕ್ಕಳು ಅದರ 400ನೆಯ ಭಾಗದ ಗಾಂಧಾರವನ್ನೇ ಗಾಂಧಾರವೆಂದು ನಂಬಿ ಬೆಳೆದರೆ, ತಂಬೂರಿಯು ತಾನಾಗಿ ನುಡಿಯುವ ಗಾಂಧಾರವು ಅವರಿಗೆ ಅಪಸ್ವರವೆಂದು ತೋರುವ ಕಾಲವು ದೂರವಿಲ್ಲ. ಹೋದ ಕಿವಿಯನ್ನು ಮರಳಿ ಪಡೆಯುವುದು ಹೋದ ಗ್ರಂಥವನ್ನು ಮರಳಿ ಪಡೆಯುವುದಕ್ಕಿಂತ ಕಷ್ಟ.

ಆದುದರಿಂದ ತಂದೆತಾಯಿಗಳು ವಾದ್ಯವನ್ನು ಮನೆಯಿಂದ ಹೊರಹಾಕಬೇಕಾದುದಿಲ್ಲ. ಕ್ರಮವನ್ನು ಮಾತ್ರ ಇಟ್ಟುಕೊಳ್ಳಬೇಕು. ಮೊದಲು ತಂಬೂರಿಯ ಮುಂದೆ ಕಿವಿ ಹದವಾಗಲಿ. ಬಳಿಕ ಮಗುವು ಕೂಟವನ್ನು ಯಂತ್ರದಿಂದ ಪಡೆಯದೆ ತನ್ನ ಬೆರಳುಗಳಿಂದಲೇ ಒಂದು ಬಿಟ್ಟು ಒಂದರಂತೆ ಕಟ್ಟಿ, ಪ್ರತಿ ನೆಲೆಯೂ ಏರಿದಾಗ ನಾದವು ಹೇಗೆ ಬದಲಾಯಿಸುವುದೆಂದು ಕೇಳಲಿ. ಶಂಕರಾಭರಣದ ಅವೇ ಏಳು ಸ್ವರಗಳು, ಆಧಾರವು ರಿಷಭಕ್ಕೆ ಸರಿದರೆ ಖರಹರಪ್ರಿಯವಾಗಿಯೂ, ಮಧ್ಯಮಕ್ಕೆ ಸರಿದರೆ ಕಲ್ಯಾಣಿಯಾಗಿಯೂ, ಪಂಚಮಕ್ಕೆ ಸರಿದರೆ ಹರಿಕಾಂಭೋಜಿಯಾಗಿಯೂ ತೋರುವುದನ್ನು ಕಂಡುಕೊಳ್ಳಲಿ. ಕೂಟದ ಎತ್ತರವೆಷ್ಟಾದರೂ ಅರ್ಥವನ್ನು ಕೊಡುವುದು ಅಡಿಯಲ್ಲಿರುವ ಒಂದು ಸ್ವರವೇ ಎಂಬುದು ಆಗ ಅದಕ್ಕೆ ಯಾರೂ ಹೇಳದೆ ತಿಳಿಯುವುದು. ಆ ತಿಳಿವಳಿಕೆಯುಳ್ಳವನು ಕೂಟವನ್ನು ನುಡಿಸಿದರೂ ಕೆಡನು, ಬಿಟ್ಟರೂ ಬಡವಾಗನು.